ಜಾಮ್ ಆಗಿದ್ದ ಚೇಂಬರ್ ಬೋಲ್ಟನ್ನು ನಾನು ಬಿಚ್ಚಿದ ಬಗೆ

ನಮ್ಮ ಮನೆಯಲ್ಲಿರುವುದು 2004ರ ಮಾರುತಿ 800. ಅದರ ಎಂಜಿನ್ ಆಯಿಲನ್ನು ಮೊದಲಿನಿಂದಲೂ ನಾನೇ ಬದಲಿಸುತ್ತ ಬಂದಿದ್ದೇನೆ. ನಡುವೆ ಒಂದು ಸಲ ಮಾತ್ರ, ತಂಗಿಯ ಮದುವೆಯ ಓಡಾಟವಿದ್ದುದರಿಂದ, ಬೇರೆಯವರ ಕೈಗೆ ಕೊಟ್ಟಿದ್ದೆ. ಅದಾದ ಮೇಲೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯ ಮುಂದೆ ಕಾರಿನಡಿ ಮಲಗಿ, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆಯಾದ ಚೇಂಬರಿನಿಂದ ಆಯಿಲ್ ಇಳಿಸುವ ಬೋಲ್ಟಿಗೆ 17 ಮಿಲಿಮೀಟರಿನ ರಿಂಗ್ ಸ್ಪ್ಯಾನರ್ ಹಾಕಿ ಎಳೆದಾಗ ಅದು ಕದಲಲಿಲ್ಲ. ಎರಡನೆಯ ಎಳೆತಕ್ಕೆ ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಚೇಂಬರಿಗೆ ಬಡಿಯಿತು. ಟಾರ್ಚ್ ಹಿಡಿದು ನೋಡಿದರೆ ಬೋಲ್ಟಿನ ತಲೆಯ ಆರು ಮೂಲೆಗಳಲ್ಲಿ ನಾಲ್ಕು ಸವೆದು ದುಂಡಗಾಗಿದ್ದವು. ನನ್ನ ಸ್ಪ್ಯಾನರ್ ಮಾಡಿದ ಗೀರು ಹೊಸದಾಗಿ ಹೊಳೆಯುತ್ತಿತ್ತು. ಉಳಿದ ಸವೆತದ ಮೇಲೆ ಆಗಲೇ ಕಪ್ಪು ಜಿಡ್ಡು ಕೂತಿತ್ತು.

ಅಲ್ಲಿಗೆ ನಾನು ಕೈ ತೆಗೆದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಸ್ಪ್ಯಾನರಿಗೆ ಉದ್ದನೆಯ ಪೈಪು ಸೇರಿಸಿ ಎಳೆಯುವುದನ್ನು. ಮೂಲೆಗಳು ಸರಿಯಾಗಿದ್ದರೆ ಅದರಿಂದ ಉಪಯೋಗವಿದೆ. ಮೂಲೆ ಸವೆದ ಮೇಲೆ ಹೆಚ್ಚಿನ ಬಲವೆಲ್ಲ ಉಳಿದ ಎರಡು ಮೂಲೆಗಳನ್ನೂ ಕಿತ್ತುಹಾಕುವುದಕ್ಕೇ ಖರ್ಚಾಗುತ್ತದೆ. ಹರಿಹರದ ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಅವರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ನೋಡಪ್ಪ, ಬೋಲ್ಟ್ ಹೋದ್ರೆ ಹೋಗ್ಲಿ, ಚೇಂಬರ್ ಥ್ರೆಡ್ ಉಳಿಸ್ಕೋ. ಪೈಪ್ ಹಾಕಿ ಎಳೀಬ್ಯಾಡ, ಮೊದ್ಲು ಬಡಿ" ಎಂದರು. ಥ್ರೆಡ್ ಎಂದರೆ ಬೋಲ್ಟ್ ತಿರುಗಿ ಕೂರುವ ತಿರುಪು ಗೆರೆಗಳು. ಮುಂದೆ ನಾನು ಮಾಡಿದ್ದೆಲ್ಲವೂ ಅವರ ಈ ಮಾತನ್ನು ಹಿಡಿದೇ.

ಬೋಲ್ಟ್ ಏಕೆ ಬಿಗಿದುಕೊಂಡಿದೆ ಎಂಬುದನ್ನು ತಿಳಿಯದೆ ಉಪಾಯ ಹುಡುಕುವುದರಲ್ಲಿ ಅರ್ಥವಿಲ್ಲ. ಸೈಲೆನ್ಸರ್ ಬೋಲ್ಟಿನಂತೆ ಇದು ಥ್ರೆಡ್ಡಿನೊಳಗೆ ತುಕ್ಕು ಹಿಡಿದು ಕೂರುವಂಥದ್ದಲ್ಲ, ಏಕೆಂದರೆ ಒಳಗಿನ ಥ್ರೆಡ್ ಯಾವಾಗಲೂ ಎಣ್ಣೆಯಲ್ಲೇ ನೆನೆದಿರುತ್ತದೆ. ಅದನ್ನು ಹಿಡಿದಿಡುವುದು ಅತಿಯಾಗಿ ಬಿಗಿ ಮಾಡಿದ್ದರಿಂದ ಬೋಲ್ಟಿನ ತಲೆ, ವಾಷರ್ ಮತ್ತು ಚೇಂಬರಿನ ಮುಖ ಒಂದಕ್ಕೊಂದು ಒತ್ತಿಕೊಂಡು ಹುಟ್ಟುವ ಘರ್ಷಣೆ. ಆದ್ದರಿಂದ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟರೂ ಇಲ್ಲಿ ದೊಡ್ಡ ಪ್ರಯೋಜನವಾಗುವುದಿಲ್ಲ. ತಲೆಯ ಅಂಚಿನಲ್ಲಿ ಹೊರಗಿನಿಂದ ಹಿಡಿದ ತುಕ್ಕಿಗೆ ಮಾತ್ರ ಅದು ತಕ್ಕಷ್ಟು ನೆರವಾಗುತ್ತದೆ. ನಾನೂ ಹೊಡೆದೆ, ಆದರೆ ಅದನ್ನು ನಂಬಿ ಕೂರಲಿಲ್ಲ. ಸವೆದ ತಲೆಗೆ ನಟ್ ಬೆಸುಗೆ ಹಾಕಿಸಿ ತಿರುಗಿಸುವ ಕ್ರಮವೂ ಉಂಟು. ಆಯಿಲ್ ತುಂಬಿದ ಚೇಂಬರಿನ ಮೇಲೆ, ಪೆಟ್ರೋಲ್ ಕಾರಿನ ಅಡಿಯಲ್ಲಿ, ಮನೆಯ ಮುಂದೆ ನಾನದನ್ನು ಮಾಡಿಸಲಾರೆ.

ಮರುದಿನ ಬೆಳಿಗ್ಗೆ, ಬಿಸಿಲು ಏರುವ ಮೊದಲೇ ಕೆಲಸ ಹಿಡಿದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಎತ್ತಿ, ಚಪ್ಪಡಿ ಕಲ್ಲಿನ ಮೇಲೆ ಎರಡು ಸ್ಟ್ಯಾಂಡ್ ನಿಲ್ಲಿಸಿದೆ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ಹೋಗಕೂಡದು. ಅದರಲ್ಲೂ ಬಿಗಿ ಬೋಲ್ಟನ್ನು ಜಗ್ಗುವಾಗ ಇಡೀ ಕಾರು ಅಲುಗಾಡುತ್ತದೆ. ಅಡಿಯಲ್ಲಿ ಮಲಗಿದಾಗ ದಿಕ್ಕು ತಪ್ಪುವುದು ಸುಲಭ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುತ್ತಿದ್ದೇವೆ ಎಂದುಕೊಂಡು ಅಪ್ರದಕ್ಷಿಣವಾಗಿ ತಿರುಗಿಸಬೇಕು. ನಾನು ಚೇಂಬರಿನ ಮೇಲೆ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿಕೊಂಡೆ.

ಬಳಿಕ ಚಪ್ಪಟೆ ಅರ ಹಿಡಿದೆ. ಇದೇ ಇಡೀ ಕೆಲಸದ ಮುಖ್ಯ ಭಾಗ. ತಲೆಯ ಆರೂ ಮುಖಗಳನ್ನು ಸುಮಾರು ಅರ್ಧ ಮಿಲಿಮೀಟರಿನಷ್ಟು ಉಜ್ಜಿ, 17ರ ತಲೆಯನ್ನು 16ಕ್ಕೆ ಇಳಿಸಬೇಕಿತ್ತು. ಎದುರುಬದುರು ಇರುವ ಎರಡು ಮುಖಗಳನ್ನು ಜೊತೆಯಾಗಿ ತೆಗೆದುಕೊಂಡು, ನಾಲ್ಕೈದು ಸಲ ಉಜ್ಜಿದ ಮೇಲೊಮ್ಮೆ 16ರ ತೆರೆದ ಬಾಯಿಯ ಸ್ಪ್ಯಾನರ್ ಇಟ್ಟು ನೋಡುತ್ತಿದ್ದೆ. ಕಬ್ಬಿಣದ ಪುಡಿ ಕಣ್ಣಿಗೆ ಬೀಳದಂತೆ ಕನ್ನಡಕ ಹಾಕಿಕೊಂಡಿದ್ದೆ. ಸ್ಪ್ಯಾನರ್ ಮುಖದ ಅಂಚನ್ನು ಕಚ್ಚಿ ಒಳಗೆ ಹೋಗದೆ ನಿಲ್ಲುವ ಹಂತದಲ್ಲಿ ಉಜ್ಜುವುದನ್ನು ನಿಲ್ಲಿಸಬೇಕು. ಸಲೀಸಾಗಿ ಕೂರುವಷ್ಟು ಉಜ್ಜಿದರೆ ಮತ್ತೆ ಜಾರುತ್ತದೆ. ಆರು ಮುಖ ಮುಗಿಯುವಾಗ ಒಂದೂಕಾಲು ಗಂಟೆಯಾಗಿತ್ತು, ತೋಳು ಮರಗಟ್ಟಿತ್ತು.

ಆಮೇಲೆ 16ರ ಆರು ಮೂಲೆಯ ಸಾಕೆಟ್ಟನ್ನು ತಲೆಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಹನ್ನೆರಡು ಮೂಲೆಯದ್ದು ಇಲ್ಲಿ ಬೇಡ. ಅದು ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ, ಆರು ಮೂಲೆಯದ್ದು ಮುಖವನ್ನೇ ಒತ್ತುತ್ತದೆ. ಹಿರಿಯರು ಹೇಳಿದ ಏಟು ಇದರಲ್ಲೇ ಸೇರಿಕೊಂಡಿತು: ಸಾಕೆಟ್ ಒಳಗಿಳಿಯಲು ಬಿದ್ದ ಪ್ರತಿ ಪೆಟ್ಟೂ ತಲೆಗೂ ವಾಷರಿಗೂ ನಡುವಿನ ಹಿಡಿತವನ್ನು ಅಲುಗಿಸುತ್ತಿತ್ತು. ಆದರೂ ಚೇಂಬರ್ ತೆಳು ತಗಡಿನದು, ಆದ್ದರಿಂದ ಪೆಟ್ಟುಗಳು ನೇರವಾಗಿಯೂ ಹಿತಮಿತವಾಗಿಯೂ ಇರಬೇಕು. ಕೊನೆಗೆ ಒಂದೂವರೆ ಅಡಿಯ ಹಿಡಿಕೆ ಸೇರಿಸಿ, ಒಂದು ಕೈಯಿಂದ ಸಾಕೆಟ್ಟನ್ನು ಒಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಜಗ್ಗುವ ಬದಲು ಗಕ್ಕನೆ ತಳ್ಳಿದೆ. ಮೂರನೆಯ ಸಲ ತಳ್ಳಿದಾಗ ಒಣ ಕಡ್ಡಿ ಮುರಿದಂತೆ ಟಕ್ ಎಂದು ಸದ್ದಾಯಿತು. ಮುರಿಯಿತೇನೋ ಎಂದು ಎದೆ ಧಸಕ್ಕೆಂದಿತು. ಬೋಲ್ಟಿನ ಅಂಚಿನಲ್ಲಿ ಒಂದು ಹನಿ ಆಯಿಲ್ ಮೂಡಿದಾಗಲೇ ಬಿಟ್ಟಿದೆ ಎಂದು ಖಾತರಿಯಾದದ್ದು.

ತಣ್ಣಗಿನ ಆಯಿಲ್ ಕೆಸರನ್ನು ಹೊತ್ತು ಪೂರ್ತಿ ಇಳಿಯುವುದಿಲ್ಲವಾದ್ದರಿಂದ ಬೋಲ್ಟನ್ನು ಮತ್ತೆ ಲಘುವಾಗಿ ಬಿಗಿದು, ಕಾರನ್ನು ಕೆಳಗಿಳಿಸಿ, ಐದು ನಿಮಿಷ ಎಂಜಿನ್ ಓಡಿಸಿ, ಪುನಃ ಎತ್ತಿ ನಿಲ್ಲಿಸಿ ಇಳಿಸಿದೆ. ಹೊರಬಂದ ಬೋಲ್ಟನ್ನು ನೋಡಿ ಮನಸ್ಸಿಗೆ ಬಹಳ ನೋವಾಯಿತು. ಮದುವೆಯ ಸಮಯದಲ್ಲಿ ಆಯಿಲ್ ಬದಲಿಸಿದವರು ಹಳೆಯ ವಾಷರ್ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಹಾಕಿದ್ದರು; ಎರಡೂ ಹಪ್ಪಳದಂತೆ ಚಪ್ಪಟೆಯಾಗಿದ್ದವು. ಥ್ರೆಡ್ಡಿಗೆ ನಲ್ಲಿಯವರು ಸುತ್ತುವ ಬಿಳಿ ಟೇಪು ಸುತ್ತಿದ್ದರು. ಅದರ ಚೂರುಗಳು ಒಳಗೆ ಕಳಚಿಬಿದ್ದರೆ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿಬಿಡಬಲ್ಲವು. ಸೋರಿಕೆ ನಿಲ್ಲಿಸಬೇಕಾದದ್ದು ವಾಷರ್, ಥ್ರೆಡ್ ಅಲ್ಲ.

ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಎರಡು ಹೊಸ ಬೋಲ್ಟ್ ತಂದೆ. ಒಂದರ ಥ್ರೆಡ್ಡಿಗೆ ಉದ್ದಕ್ಕೂ ಹ್ಯಾಕ್ಸಾದಿಂದ ಎರಡು ತೋಡು ಕೊರೆದು, ಗ್ರೀಸ್ ತುಂಬಿ, ಚೇಂಬರಿನ ತೂತಿನೊಳಗೆ ಕೈಯಿಂದಲೇ ಸ್ವಲ್ಪ ಮುಂದಕ್ಕೆ ಸ್ವಲ್ಪ ಹಿಂದಕ್ಕೆ ತಿರುಗಿಸಿದಾಗ ಟೇಪಿನ ಎಳೆಗಳೂ ಲೋಹದ ಚೂರೂ ಗ್ರೀಸಿಗೆ ಅಂಟಿ ಹೊರಬಂದವು. ಇನ್ನೊಂದು ಬೋಲ್ಟ್ ಬರಿಗೈಯಲ್ಲೇ ಕೊನೆಯವರೆಗೂ ಹೋಯಿತು. ಥ್ರೆಡ್ ಉಳಿದಿತ್ತು.

ಇಷ್ಟೆಲ್ಲ ಆಗಲು ಕಾರಣ ಬಿಗಿಯ ಲೆಕ್ಕ ತಪ್ಪಿದ್ದು. ಈ ಬೋಲ್ಟಿಗೆ 35 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಒಂದು ಅಡಿ ಉದ್ದದ ಹಿಡಿಕೆಯ ತುದಿಯಲ್ಲಿ ಅದು ಸುಮಾರು 12 ಕಿಲೋ ಭಾರಕ್ಕೆ ಸಮ. ಎರಡಡಿ ಪೈಪಿನ ತುದಿಯಲ್ಲಿ 60 ಕಿಲೋದ ಒಬ್ಬರು ಮೈಭಾರ ಹಾಕಿದರೆ ಅದರ ಹತ್ತು ಪಟ್ಟಾಗುತ್ತದೆ. ಹೊಸ ವಾಷರ್ ಹಾಕಿ, ಚಿಕ್ಕ ಸ್ಪ್ಯಾನರಿನಿಂದ ಮಣಿಕಟ್ಟಿನ ಬಲದಲ್ಲಿ ಬಿಗಿದು, ಹೊಸ ಆಯಿಲ್ ತುಂಬಿ, ಕಾರಿನಡಿ ಹಳೆಯ ಪತ್ರಿಕೆ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಅದರ ಮೇಲೆ ಒಂದು ಕಲೆಯೂ ಇರಲಿಲ್ಲ. ಅದಾದ ಮೇಲಿನ ಆಯಿಲ್ ಬದಲಾವಣೆಯಲ್ಲಿ ಅದೇ ಬೋಲ್ಟ್ ರಿಂಗ್ ಸ್ಪ್ಯಾನರಿಗೆ ಒಂದೇ ಕೈಯಲ್ಲಿ ಬಿಚ್ಚಿಕೊಂಡಿತು.