ನಾಯಿಮರಿಗೆ ಭೇದಿಯೇ? ಮೊದಲು ನೀರು, ಆಮೇಲೆ ಮಾತ್ರೆ

ಹಸಿ ಕೋಳಿಮಾಂಸ, ಕಸದ ರಾಶಿ, ಬೇರೆ ನಾಯಿಗಳ ಮಲ: ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಮರಿಯ ಕರುಳು ಸೇರುವುದು ಹೆಚ್ಚಾಗಿ ಇವುಗಳಿಂದಲೇ. ಆದರೆ ಮರಿಯ ಜೀವಕ್ಕೆ ಮೊದಲು ಕುತ್ತು ತರುವುದು ಮೈಯಲ್ಲಿ ನೀರು ಬತ್ತುವುದು. ಜನ ಎಡವುವುದೂ ಅಲ್ಲೇ.

ಮೊದಲು ಒಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಮರಳದಿದ್ದರೆ, ಒಸಡು ಅಂಟಂಟಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮತ್ತೆ ಮತ್ತೆ ವಾಂತಿಯಾದರೆ, ಮರಿ ಮಂಕಾಗಿ ಮಲಗಿದ್ದರೆ ಮನೆಮದ್ದು ಬಿಟ್ಟು ಆಗಲೇ ಪಶುವೈದ್ಯರ ಬಳಿ ಹೋಗಿ. ಲಸಿಕೆ ಪೂರ್ತಿಯಾಗದ ಮರಿಗೆ ಪಾರ್ವೊ ಇರಬಹುದು. ಅದು ವೈರಸ್, ಒಂದು ದಿನ ಕಾಯುವುದೂ ಅಪಾಯ.

ಇನ್ನೂ ಚುರುಕಾಗಿದ್ದರೆ ಓಆರ್‌ಎಸ್ ಶುರು ಮಾಡಿ. ಪೊಟ್ಟಣ 1 ಲೀಟರಿನದೋ 200 ಮಿ.ಲೀ.ನದೋ ಓದಿ, ಕುದಿಸಿ ಆರಿಸಿದ ಅಷ್ಟೇ ನೀರಿಗೆ ಪೂರ್ತಿ ಸುರಿಯಿರಿ. ಚಿಟಿಕೆ ಪುಡಿಯನ್ನು ಲೋಟಕ್ಕೆ ಹಾಕಿ ಅಂದಾಜಿನಲ್ಲಿ ಕಲಸಬೇಡಿ: ಗಟ್ಟಿಯಾದರೆ ಅದೇ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ. ಹಣ್ಣಿನ ರುಚಿಯ ಸಿಹಿ ಡಬ್ಬಿ ಪಾನೀಯಗಳೂ ಹಾಗೆಯೇ, ಬೇಡ. ‘ಸಕ್ಕರೆರಹಿತ’ ಎಂದಿದ್ದರೆ ಮುಟ್ಟಲೇಬೇಡಿ, ಅದರಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಗೆ ವಿಷ. 2 ಕಿಲೋ ಮರಿಗೆ ಸೂಜಿ ತೆಗೆದ ಸಿರಿಂಜಿನಲ್ಲಿ 5 ಮಿ.ಲೀ., 10–15 ನಿಮಿಷಕ್ಕೊಮ್ಮೆ. ತಲೆ ಎತ್ತಿ ಗಂಟಲಿಗೆ ಸುರಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆ ನೇರವಾಗಿರಲಿ, ಸಿರಿಂಜನ್ನು ಕೆನ್ನೆ ಮತ್ತು ಹಲ್ಲಿನ ಸಂದಿಗೆ ಇಟ್ಟು ಹನಿಹನಿಯಾಗಿ ಬಿಡಿ, ನುಂಗಿದ ಮೇಲೆ ಮುಂದಿನದು. ಒಮ್ಮೆ ವಾಂತಿಯಾದರೆ ಅರ್ಧ ಗಂಟೆ ಬಿಟ್ಟು 2 ಮಿ.ಲೀ.ನಿಂದ ಮತ್ತೆ ಶುರು. ಮತ್ತೂ ಕಕ್ಕಿದರೆ ಡ್ರಿಪ್ಪೇ ಗತಿ. ಉಳಿದ ದ್ರಾವಣವನ್ನು 24 ಗಂಟೆಯಾದ ಮೇಲೆ ಚೆಲ್ಲಿ.

ಮರಿಯನ್ನು ಉಪವಾಸ ಕೆಡವಬೇಡಿ, ರಕ್ತದ ಸಕ್ಕರೆ ಕುಸಿಯುತ್ತದೆ. ಮೆತ್ತಗಿನ ಅನ್ನ, ಉಪ್ಪು-ಮಸಾಲೆ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿ, ದಿನಕ್ಕೆ ಐದಾರು ಸಲ. ಹಾಲು ಬೇಡ.

ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಕೊಡುವ ಅಭ್ಯಾಸವನ್ನು ಬಿಟ್ಟೇಬಿಡಿ. ಸೌಮ್ಯ ಭೇದಿಗೆ ಅದು ಬಹುತೇಕ ಬೇಕಿಲ್ಲ, ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅಳಿಸುತ್ತದೆ, ಮಲದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯನ್ನೂ ಕೆಡಿಸುತ್ತದೆ. ಭೇದಿ ಕಟ್ಟಿಸುವ ಲೋಪೆರಮೈಡ್ ಸೋಂಕನ್ನು ಒಳಗೇ ಕೂರಿಸುತ್ತದೆ, ಕೋಲಿ ತಳಿಯ ನಾಯಿಗಳಿಗೆ ನಂಜೂ ಆಗಬಹುದು. ಔಷಧಕ್ಕೆ ಮೊದಲೇ ತಾಜಾ ಮಲವನ್ನು ಚಮಚದಷ್ಟು ಶುಚಿಯಾದ ಡಬ್ಬಿಗೆ ಹಾಕಿ ಅದೇ ದಿನ ಪರೀಕ್ಷೆಗೆ ಒಯ್ಯಿರಿ. ತಡವಾದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ.

ಈ ಬ್ಯಾಕ್ಟೀರಿಯಾ ಸೋಂಕು ಮಕ್ಕಳಿಗೂ ಹತ್ತುತ್ತದೆ. ಮಲ ತೆಗೆದು, ನೆಲವನ್ನು ಸೋಪಿನಲ್ಲಿ ತೊಳೆದ ಮೇಲೆ 1 ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಒರೆಸಿ, 10 ನಿಮಿಷ ಬಿಟ್ಟು ತೊಳೆಯಿರಿ. ಒಣಗುವವರೆಗೆ ಮರಿಯನ್ನು ಬಿಡಬೇಡಿ.