ಫಿಲ್ಲರ್ ಚುಚ್ಚಿಸಿಕೊಳ್ಳುವ ಮುನ್ನ ಕಣ್ಣಿನ ಬಗ್ಗೆ ವಿಚಾರಿಸಿಕೊಳ್ಳಿ

ಮೂಗು ತುಸು ಎತ್ತರವಾಗಿ ಕಾಣಲೆಂದೋ, ಹುಬ್ಬುಗಳ ನಡುವಿನ ಗೆರೆ ಮರೆಯಾಗಲೆಂದೋ ಮದುವೆಗೆ ಮುಂಚೆ ಫಿಲ್ಲರ್ (ಚರ್ಮದಡಿ ತುಂಬಿ ಉಬ್ಬಿಸುವ ವಸ್ತು) ಚುಚ್ಚಿಸಿಕೊಳ್ಳಲು ಹೊರಟ ತುಮಕೂರಿನವರು ಮೊದಲು ಲೆಕ್ಕ ಹಾಕಬೇಕಾದದ್ದು ಖರ್ಚನ್ನಲ್ಲ, ಸಮಯವನ್ನು. ಫಿಲ್ಲರಿನಿಂದ ದೃಷ್ಟಿ ಹೋಗುವುದು ಅಪರೂಪವೇ ಹೌದು. ಆದರೆ ಹಾಗಾದಾಗ ಕೈಯಲ್ಲಿ ಉಳಿಯುವ ಸಮಯ ಬಹಳ ಕಡಿಮೆ.

ಹಣೆಯಲ್ಲಿ, ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಹಾಯುವ ಸಣ್ಣ ಅಪಧಮನಿಗಳಿಗೂ ಕಣ್ಣಿಗೆ ರಕ್ತ ಒದಗಿಸುವ ಅಪಧಮನಿಗೂ ನೇರ ಸಂಬಂಧವಿದೆ. ಸೂಜಿಯ ಮೊನೆ ಅಂತಹ ನಾಳದೊಳಗೆ ಹೊಕ್ಕಿರುವಾಗ ಸಿರಿಂಜನ್ನು ಒತ್ತಿದರೆ, ಫಿಲ್ಲರ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಸಾಗಿ, ಒತ್ತಡ ಸಡಿಲಿಸಿದೊಡನೆ ರಕ್ತದೊಂದಿಗೆ ಮುಂದಕ್ಕೆ ಹರಿದು, ಅಕ್ಷಿಪಟಲದ ನಾಳವನ್ನೇ ಮುಚ್ಚಬಲ್ಲದು. ಇದಕ್ಕೆ 1 ಮಿ.ಲೀ. ಸಿರಿಂಜಿನ ಹತ್ತನೆಯ ಒಂದು ಪಾಲೂ ಸಾಕಾದೀತು. ರಕ್ತ ನಿಂತು ಸುಮಾರು 90 ನಿಮಿಷ ಕಳೆದರೆ ಹಾನಿ ಬಹುಮಟ್ಟಿಗೆ ಶಾಶ್ವತ. ತುಮಕೂರಿನಿಂದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಸುಮಾರು 70 ಕಿ.ಮೀ. ದಾರಿ, ನೆಲಮಂಗಲ ದಾಟಿದ ಮೇಲಿನ ವಾಹನದಟ್ಟಣೆ ಗೊತ್ತಿದ್ದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಯಾವ ಬಗೆಯ ಫಿಲ್ಲರ್ ಎಂದು ಕೇಳಿರಿ. ಹೈಯಲುರಾನಿಕ್ ಆಮ್ಲದ ಫಿಲ್ಲರನ್ನು ಹೈಯಲುರಾನಿಡೇಸ್ ಎಂಬ ಚುಚ್ಚುಮದ್ದು ಕರಗಿಸಬಲ್ಲದು. ದೇಹದ ಕೊಬ್ಬನ್ನೇ ತೆಗೆದು ಚುಚ್ಚಿದ್ದರೆ ಅದನ್ನು ಕರಗಿಸುವ ಮದ್ದಿಲ್ಲ. ಹೈಯಲುರಾನಿಡೇಸ್ ಇದೇ ಕ್ಲಿನಿಕ್ಕಿನಲ್ಲಿ, ಅವಧಿ ಮೀರದೆ, ಸಾಕಷ್ಟು ಪ್ರಮಾಣದಲ್ಲಿ ಇದೆಯೇ ಎಂದು ಕಣ್ಣಾರೆ ನೋಡಿ. "ಬೇಕಾದರೆ ತರಿಸುತ್ತೇವೆ" ಎಂಬ ಉತ್ತರ ಬಂದರೆ ನನ್ನ ಮಟ್ಟಿಗೆ ಅಲ್ಲಿಂದ ಎದ್ದು ಬರುವುದೇ ಸರಿ. ಚುಚ್ಚುವವರು ಅರ್ಹ ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿರಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ ನೋಂದಣಿಯಾಗಿರಬೇಕು. ಬ್ಯೂಟಿ ಪಾರ್ಲರಿನ ಕುರ್ಚಿ ಈ ಕೆಲಸಕ್ಕಲ್ಲ. ಸೂಜಿಯ ಬದಲು ಮೊಂಡು ತುದಿಯ ಸಣ್ಣ ಕೊಳವೆ (ಕ್ಯಾನ್ಯುಲಾ) ಬಳಸಿದರೆ ಅಪಾಯ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಕುರ್ಚಿಯಲ್ಲಿ ಕೂರುವ ಮುನ್ನ ಒಂದೊಂದೇ ಕಣ್ಣು ಮುಚ್ಚಿ, ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಎಷ್ಟು ಸಣ್ಣ ಅಕ್ಷರದವರೆಗೆ ಓದಲಾಗುತ್ತದೆಂದು ಗಮನಿಸಿಕೊಳ್ಳಿ. ಎರಡೂ ಕಣ್ಣು ತೆರೆದಿರುವಾಗ ಒಂದರ ದೃಷ್ಟಿ ಹೋದದ್ದು ತಟ್ಟನೆ ತಿಳಿಯದಿರಬಹುದು. ಚುಚ್ಚುವಾಗ ಮಂಜು ಕವಿದಂತಾದರೆ, ಒಂದು ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಕಣ್ಣಿನಲ್ಲಿ ತೀವ್ರ ನೋವು ಬಂದರೆ ಅಥವಾ ಚರ್ಮ ಬಿಳಿಚಿಕೊಂಡರೆ ಕೂಡಲೇ ನಿಲ್ಲಿಸಲು ಹೇಳಬೇಕು. ನೋವಿಲ್ಲದೆಯೂ ದೃಷ್ಟಿ ಹೋಗಬಹುದು.

"ಸ್ವಲ್ಪ ಹೊತ್ತು ಮಲಗಿ, ಸರಿಹೋಗುತ್ತದೆ" ಎಂಬ ಸಮಾಧಾನಕ್ಕೆ ಒಪ್ಪಬಾರದು. ಹೋದ ದೃಷ್ಟಿಯನ್ನು ಖಚಿತವಾಗಿ ಮರಳಿಸುವ ಚಿಕಿತ್ಸೆ ಇಲ್ಲದಿರುವುದರಿಂದ, ವೈದ್ಯರು ಹೈಯಲುರಾನಿಡೇಸ್ ಕೊಡುತ್ತಿರುವಾಗಲೇ ಜೊತೆಗೆ ಬಂದವರು 108ಕ್ಕೆ ಕರೆ ಮಾಡಿ, ಊರಿನಲ್ಲೇ ಹತ್ತಿರದಲ್ಲಿರುವ ನೇತ್ರತಜ್ಞರಿಗೆ ತಿಳಿಸಬೇಕು. ಅವರ ಸಂಖ್ಯೆ ಮೊದಲೇ ಫೋನಿನಲ್ಲಿರಲಿ. ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ಮಿದುಳಿನ ನಾಳವೂ ಮುಚ್ಚಿರುವ ಶಂಕೆಯಿರುತ್ತದೆ. ಆಗ ಸ್ಟ್ರೋಕ್ ಚಿಕಿತ್ಸೆಯಿರುವ ಆಸ್ಪತ್ರೆಯೇ ಬೇಕು. ಹೊರಡುವಾಗ ಫಿಲ್ಲರಿನ ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು, ಚುಚ್ಚಿದ ಸಮಯವನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆದುಬಿಡಿ.