ಹಳೇ ಬಿಲ್ ಕ್ಲಾಸ್ ಮುಟ್ಟದೆ ಎಸ್‌ಇಜೆಡ್ ಬಿಲ್ ಮಾಡಿದ್ದು

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ರೂಬಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಅದರ ಬಿಲ್ ಕ್ಲಾಸ್ (ಬಿಲ್ ಆಬ್ಜೆಕ್ಟ್‌ಗಳ ಅಚ್ಚು) ಬರುವುದು ಒಂದು ಜೆಮ್‌ನಿಂದ, ಅಂದ್ರೆ ರೂಬಿಯ ಸಿದ್ಧ ಕೋಡ್ ಪ್ಯಾಕೇಜಿನಿಂದ. ಬೇರೆ ಪ್ರಾಜೆಕ್ಟ್‌ಗಳೂ ಅದನ್ನೇ ಬಳಸುವುದರಿಂದ ಅದಕ್ಕೆ ಕೈ ಹಾಕುವಂತಿಲ್ಲ. ಬಂದ ಕೆಲಸ ಇಷ್ಟು: ಗ್ರಾಹಕರು ಎಸ್‌ಇಜೆಡ್‌ನಲ್ಲಿದ್ದು (ವಿಶೇಷ ಆರ್ಥಿಕ ವಲಯ), ನಾವು ಎಲ್‌ಯುಟಿ (ತೆರಿಗೆ ಕಟ್ಟದೆ ಅಲ್ಲಿಗೆ ಸರಬರಾಜು ಮಾಡಲು ಕೊಡುವ ಮುಚ್ಚಳಿಕೆ) ಕೊಟ್ಟಿದ್ದರೆ ಆ ಬಿಲ್ಲಿಗೆ ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) ಹಾಕಬಾರದು. ಉಳಿದವರಿಗೆ ಎಂದಿನ 18%.

ಸಬ್‌ಕ್ಲಾಸ್ (ಹಳೇ ಕ್ಲಾಸಿನದ್ದೆಲ್ಲ ಪಡೆದ ಹೊಸ ಕ್ಲಾಸ್) ಮಾಡಬಹುದಿತ್ತು ಅಲ್ವಾ? ಆಗುವುದಿಲ್ಲ. ಡೇಟಾಬೇಸಿನಿಂದ ಬಿಲ್ ಆಬ್ಜೆಕ್ಟ್ ಮಾಡಿ ಕೊಡುವುದೂ ಆ ಜೆಮ್ಮೇ. ನನ್ನ ಕೈಗೆ ಬರುವಷ್ಟರಲ್ಲಿ ಆಬ್ಜೆಕ್ಟ್ ತಯಾರಾಗಿರುತ್ತದೆ. ಅದಕ್ಕೇ ಡೆಲಿಗೇಶನ್ ಹಿಡಿದೆ, ಅಂದ್ರೆ ಒಂದು ಆಬ್ಜೆಕ್ಟ್ ತನಗೆ ಬಂದ ಕೆಲಸವನ್ನು ಇನ್ನೊಂದಕ್ಕೆ ವಹಿಸುವುದು.

ರೂಬಿ ಜೊತೆಗೇ ಬರುವ ಸಿಂಪಲ್‌ಡೆಲಿಗೇಟರ್‌ನಿಂದ ಒಂದು ಪುಟ್ಟ ಕ್ಲಾಸ್ ಮಾಡಿ, ಹಳೇ ಬಿಲ್ಲನ್ನು ಅದರೊಳಗೆ ಇಟ್ಟೆ. ಈ ರ‍್ಯಾಪರ್‌ನಲ್ಲಿ ಮೊದಲು ಬರೆದದ್ದು ಟ್ಯಾಕ್ಸ್ ಅನ್ನೋ ಒಂದೇ ಮೆಥಡ್ (ಆಬ್ಜೆಕ್ಟ್ ಮಾಡಿಕೊಡುವ ಒಂದು ಕೆಲಸ). ಅದು ಕೊಡುವುದು 0. ಬಿಲ್ ನಂಬರ್, ತಾರೀಖು ಏನೇ ಕೇಳಿದರೂ ರ‍್ಯಾಪರ್‌ನಲ್ಲಿ ಆ ಮೆಥಡ್ ಇಲ್ಲ. ಆಗ ಮೆಥಡ್ ಮಿಸ್ಸಿಂಗ್ (ಕೇಳಿದ ಮೆಥಡ್ ಇಲ್ಲದಾಗ ರೂಬಿ ತಾನೇ ಕರೆಯುವ ಮೆಥಡ್) ಓಡಿ, ಒಳಗಿನ ಬಿಲ್ಲನ್ನು ಕೇಳಿ ಉತ್ತರ ತರುತ್ತದೆ.

10,000 ರೂಪಾಯಿಯ ಬಿಲ್ ಇಟ್ಟು ಟೆಸ್ಟ್ ಓಡಿಸಿದೆ. ಟ್ಯಾಕ್ಸ್ 0 ಬಂತು. ಟೋಟಲ್ ಮಾತ್ರ 11,800!

ಡೆಲಿಗೇಟರ್ ಬಳಸುವಾಗ ನಾನು ಮೊದಲು ನೋಡುವುದೇ ಈ ಜಾಗ. ಟೋಟಲ್ ಇರುವುದು ಒಳಗಿನ ಬಿಲ್ಲಿನಲ್ಲಿ. ಕರೆ ಅಲ್ಲಿಗೆ ಹೋದ ಮೇಲೆ ಸೆಲ್ಫ್ (ಮೆಥಡ್ ಓಡುತ್ತಿರುವ ಆಬ್ಜೆಕ್ಟ್) ಅಂದ್ರೆ ಒಳಗಿನ ಬಿಲ್ಲೇ. ತನಗೊಂದು ರ‍್ಯಾಪರ್ ಇದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಅದು ಟ್ಯಾಕ್ಸ್ ಕರೆದರೆ ತನ್ನ ಹಳೇ 1,800 ರೂಪಾಯಿಯೇ ಸಿಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಹಳೇ ಬಿಲ್ಲನ್ನೇ ಪ್ರೊಟೊಟೈಪ್ (ತನ್ನಲ್ಲಿಲ್ಲದ ಮೆಥಡ್ ಹುಡುಕುವ ಮೂಲ ಆಬ್ಜೆಕ್ಟ್) ಮಾಡಿಕೊಂಡು ಹೊಸ ಆಬ್ಜೆಕ್ಟ್ ಮಾಡಿದ್ದರೆ 10,000 ಬರುತ್ತಿತ್ತು. ಅಲ್ಲಿ ಮೆಥಡ್ ಎಲ್ಲಿ ಸಿಕ್ಕರೂ ದಿಸ್ (ಅಲ್ಲಿನ ಸೆಲ್ಫ್) ಅಂದ್ರೆ ಹೊಸ ಆಬ್ಜೆಕ್ಟೇ. ಕಂಪ್ಯೂಟರ್ ವಿಜ್ಞಾನಿ ಹೆನ್ರಿ ಲೀಬರ್‌ಮನ್ 1986ರಲ್ಲಿ ಡೆಲಿಗೇಶನ್ ಅಂತ ವಿವರಿಸಿದ್ದು ಇಂಥದ್ದನ್ನೇ. ರೂಬಿಯ ಡೆಲಿಗೇಟರ್ ಕರೆಯನ್ನು ಸುಮ್ನೆ ಒಳಗೆ ದಾಟಿಸುತ್ತದೆ, ಅಷ್ಟೆ.

ರೂಬಿಯಲ್ಲೂ ಎಕ್ಸ್‌ಟೆಂಡ್ ಇದೆ. ಆ ಒಂದು ಆಬ್ಜೆಕ್ಟಿಗೇ ಅದರಿಂದ ಮಾಡ್ಯೂಲ್ (ಮೆಥಡ್‌ಗಳ ಗುಂಪು) ಸೇರಿಸಿದರೆ ಸೆಲ್ಫ್ ಬದಲಾಗುವುದಿಲ್ಲ, ಟೋಟಲ್ ಸರಿ ಬರುತ್ತದೆ. ನನಗೆ ಅದು ಬೇಡವಾಯಿತು. ಅದೇ ಆಬ್ಜೆಕ್ಟ್ ನಮ್ಮ ಆಡಿಟ್ ಲಾಗ್ ಕೋಡಿನ ಕೈಯಲ್ಲೂ ಇರುತ್ತದೆ, ಅದಕ್ಕೆ ಮೂಲ ಲೆಕ್ಕವೇ ಬೇಕು. ಸೇರಿಸಿದ ಮಾಡ್ಯೂಲನ್ನು ಆಮೇಲೆ ತೆಗೆಯಲೂ ಬರುವುದಿಲ್ಲ.

ಹಾಗಾಗಿ ಟೋಟಲನ್ನೂ ರ‍್ಯಾಪರ್‌ನಲ್ಲೇ ಬರೆದೆ. ಆಮೇಲೆ ಜೆಮ್ಮಿನ ಕೋಡಿನಲ್ಲಿ ಟ್ಯಾಕ್ಸ್, ಟೋಟಲ್ ಎರಡನ್ನೂ ಯಾರ‍್ಯಾರು ಕರೆಯುತ್ತಾರೆ ಅಂತ ಹುಡುಕಿದೆ. ಬಾಕಿ ಮೊತ್ತ ಮತ್ತು ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಮೆಥಡ್ ಸಿಕ್ಕವು. ಅವೂ ರ‍್ಯಾಪರ್‌ಗೆ ಬಂದವು. ಈ ಪಟ್ಟಿ ಇನ್ನೂ ಬೆಳೆದಿದ್ದರೆ ಡೆಲಿಗೇಟರನ್ನೇ ಬಿಡುತ್ತಿದ್ದೆ. ಅರ್ಧ ಕ್ಲಾಸನ್ನು ಮತ್ತೆ ಬರೆಯುವ ಕರ್ಮ ಯಾಕೆ?

ಪಿಡಿಎಫ್ ಮಾಡುವ ಕೋಡಿನಲ್ಲಿ ಬಂದದ್ದು ಬಿಲ್ ಕ್ಲಾಸಿನದೇ ಅಂತ ನೋಡುವ ಕೇಸ್ ಅನ್ನೋ ಪರೀಕ್ಷೆ ಇತ್ತು. ರ‍್ಯಾಪರ್ ಅಲ್ಲಿ ಪಾಸಾಗುವುದಿಲ್ಲ. ಯಾಕಂದ್ರೆ ಅದರ ಕ್ಲಾಸ್ ಬೇರೆ. ಕ್ಲಾಸ್ ಕೇಳುವುದನ್ನು ತೆಗೆದು, ಟೋಟಲ್ ಮೆಥಡ್ ಇದೆಯಾ ಅಂತ ರೆಸ್ಪಾಂಡ್ ಟು ಮೂಲಕ ಕೇಳುವಂತೆ ಮಾಡಿದೆ. ಹೋಲಿಕೆಯಲ್ಲೂ ಹುಷಾರಾಗಿರಬೇಕು. ರ‍್ಯಾಪರ್ ಎಡಗಡೆ ಇದ್ದರೆ ಒಳಗಿನ ಬಿಲ್ಲಿಗೆ ಸಮ ಅನ್ನುತ್ತದೆ. ಒಳಗಿನ ಬಿಲ್ಲನ್ನು ಎಡಕ್ಕಿಟ್ಟರೆ ಅಲ್ಲ ಅನ್ನುತ್ತದೆ. ಜೆಮ್ಮಿಗೆ ವಾಪಸ್ ಕೊಡುವಾಗ ಮಾತ್ರ ಗೆಟ್‌ಆಬ್ಜ್ ಕರೆದು ಒಳಗಿನ ಬಿಲ್ಲನ್ನೇ ಕೊಡುತ್ತೇನೆ. ಸೇವ್ ಮಾಡುವ ಕೋಡಿಗೆ ರ‍್ಯಾಪರ್‌ನ ಗೊಡವೆಯೇ ಇಲ್ಲ.